ಮೊದಲ ಹೆರಿಗೆ ತವರಲ್ಲಿ ಸರಿ, ಅಪ್ಪ ಆಗೋನ ಕೆಲಸ ಏನು? ಫೋನ್ ಕಾಯೋ ಬದಲು ಮಾಡಬೇಕಾದ ಏಳು ಕೆಲಸ

ಜಗಳೂರು: ಸೀಮಂತ ಮುಗೀತು, ಹೆಂಡತಿಯನ್ನ ತವರಿಗೆ ಕಳಿಸಿ ಆಯ್ತು. ಅಲ್ಲಿಂದಾಚೆಗೆ ನಮ್ಮ ಕಡೆ ಗಂಡನಿಗೆ ಉಳಿಯೋ ಕೆಲಸ ಒಂದೇ, ಫೋನ್ ಕಾಯೋದು. "ನೀನು ಬಂದು ಏನ್ ಮಾಡ್ತೀಯಪ್ಪ, ಹೆಂಗಸರ ವಿಷಯ, ನಾವು ನೋಡ್ಕೋತೀವಿ" ಅಂತ ಅತ್ತೆ ಮನೆಯವರೂ ಹೇಳ್ತಾರೆ, ಸ್ವಂತ ತಾಯಿಯೂ ಹೇಳ್ತಾರೆ. ಹುಡುಗನೂ ಅಂಗಡಿಗೆ ಬಂದು ಕೂತ್ಕೋತಾನೆ.

ನನ್ನ ಜೊತೆ ಹೈಸ್ಕೂಲಲ್ಲಿ ಓದಿದವರಲ್ಲಿ ಎಷ್ಟೋ ಜನ ಈಗ ಅಪ್ಪ ಆಗೋ ಸರದಿಯಲ್ಲಿದ್ದಾರೆ. ಮೊಬೈಲ್ ಅಂಗಡಿ, ಗೊಬ್ಬರದ ಅಂಗಡಿ, ಬೇಕರಿ ಇಟ್ಕೊಂಡೋರು. ಅವರಿಗೆ ಕೇಳಿದರೆ ಸಿಗೋ ಉತ್ತರ ಒಂದೇ ಥರ: "ಎಲ್ಲಾ ಅವರ ಮನೇಲಿ ನೋಡ್ಕೋತಾರೆ ಕಣೋ." ಹೆಂಡತಿಯ ರಕ್ತದ ಗುಂಪು ಯಾವುದು ಅಂತ ಕೇಳಿದರೆ ತಲೆ ಕೆರ್ಕೋತಾರೆ.

ಮೊದಲ ಹೆರಿಗೆ ತವರಲ್ಲಿ ಆಗೋದು ಒಳ್ಳೇ ಪದ್ಧತಿ. ತಾಯಿ ಹತ್ತಿರ ಇದ್ದರೆ ಹುಡುಗಿಗೆ ಧೈರ್ಯ, ಬಾಣಂತನವೂ ಚೆನ್ನಾಗಿ ಆಗುತ್ತೆ. ಆದರೆ ಈ ಪದ್ಧತಿಯಿಂದ ಒಂದು ತೊಂದರೆಯೂ ಇದೆ. ಒಂಬತ್ತು ತಿಂಗಳು ಒಂದು ಊರಿನ ಆಶಾ, ಒಂದು ಊರಿನ ಆಸ್ಪತ್ರೆ, ಒಂದು ಊರಿನ ದಾಖಲೆ ಅಂತ ನಡ್ಕೊಂಡು ಬಂದಿದ್ದು ಕೊನೇ ಗಳಿಗೆಯಲ್ಲಿ ಇನ್ನೊಂದು ತಾಲ್ಲೂಕಿಗೆ, ಎಷ್ಟೋ ಸಲ ಇನ್ನೊಂದು ಜಿಲ್ಲೆಗೆ ಹೋಗುತ್ತೆ. ನಮ್ಮ ತಾಲ್ಲೂಕಿನ ಸೊಸೆಯಂದಿರ ತವರು ಚಳ್ಳಕೆರೆ ಇರಬಹುದು, ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಇರಬಹುದು. ಈ ಎರಡೂ ಊರನ್ನ ಜೋಡಿಸೋ ಕೊಂಡಿ ಗಂಡನೇ. ಅವನು ಸುಮ್ಮನೆ ಕೂತರೆ ಆ ಕೊಂಡಿ ಕಳಚಿದ ಹಾಗೆ.

ಮೂರು ತಡ

ಆರೋಗ್ಯ ಇಲಾಖೆಯವರು ಬಾಣಂತಿ ಸಾವಿನ ಬಗ್ಗೆ ಮಾತಾಡುವಾಗ ಮೂರು ತಡಗಳ ಲೆಕ್ಕ ಹೇಳ್ತಾರೆ. ಮೊದಲನೇದು, ಆಸ್ಪತ್ರೆಗೆ ಹೋಗಬೇಕು ಅಂತ ಮನೆಯಲ್ಲಿ ತೀರ್ಮಾನ ಮಾಡೋದರಲ್ಲಿ ಆಗೋ ತಡ. ಎರಡನೇದು, ಗಾಡಿ ಸಿಕ್ಕಿ ಆಸ್ಪತ್ರೆ ಮುಟ್ಟೋದರಲ್ಲಿ ಆಗೋ ತಡ. ಮೂರನೇದು, ಆಸ್ಪತ್ರೆ ಮುಟ್ಟಿದ ಮೇಲೆ ಸರಿಯಾದ ಚಿಕಿತ್ಸೆ, ರಕ್ತ ಸಿಗೋದರಲ್ಲಿ ಆಗೋ ತಡ.

ಹೆರಿಗೆ ಆದ ಮೇಲೆ ಜೋರಾಗಿ ರಕ್ತ ಹೋಗೋಕೆ ಶುರುವಾದರೆ ಒಂದೆರಡು ಗಂಟೆಯಲ್ಲಿ ಜೀವಕ್ಕೇ ಅಪಾಯ. ನಮ್ಮ ದೇಶದಲ್ಲಿ ಬಾಣಂತಿಯರ ಸಾವಿಗೆ ದೊಡ್ಡ ಕಾರಣ ಇದೇ. ಆ ಎರಡು ಗಂಟೆಯಲ್ಲಿ ಗಂಡ ಹೊಸದಾಗಿ ಏನೂ ಮಾಡೋಕಾಗಲ್ಲ. ಅದಕ್ಕೆ ಎರಡು ತಿಂಗಳ ಮೊದಲು ಮಾಡಿಟ್ಟ ಕೆಲಸವೇ ಆಗ ಕೈ ಹಿಡಿಯೋದು. ಕೆಳಗಿನ ಏಳು ಕೆಲಸಗಳಲ್ಲಿ ಹೆಚ್ಚಿನವು ಆ ತಡಗಳನ್ನ ಕಡಿಮೆ ಮಾಡೋಕೆ, ಉಳಿದವು ಹೆರಿಗೆ ಆದ ಮೇಲಿನ ದಿನಗಳಿಗೆ.

1. ತೀರ್ಮಾನ ಯಾರದ್ದು ಅಂತ ಮೊದಲೇ ಮಾತಾಡಿ

ಡಾಕ್ಟರ್ ಕೊಡೋ ಹೆರಿಗೆ ದಿನಾಂಕ ಹೇಗೆ ಬರುತ್ತೆ ಅಂತ ಗೊತ್ತಿರಲಿ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ 9 ತಿಂಗಳು 7 ದಿನ ಸೇರಿಸಿ. ಜನವರಿ 1 ಇದ್ದರೆ ಅಕ್ಟೋಬರ್ 8. ಆದರೆ ಕರೆಕ್ಟಾಗಿ ಅದೇ ದಿನ ಹೆರಿಗೆ ಆಗೋದು ಅಪರೂಪ. 37 ವಾರ ತುಂಬಿದ ಮೇಲೆ ಯಾವತ್ತು ಬೇಕಾದರೂ ಆಗಬಹುದು. "ಇನ್ನೂ ಇಪ್ಪತ್ತು ದಿನ ಇದೆ" ಅಂತ ಮೈಮರೆಯೋ ಹಾಗಿಲ್ಲ.

ಈ ಲಕ್ಷಣಗಳನ್ನ ಗಂಡನೂ ಬಾಯಿಪಾಠ ಮಾಡ್ಕೋಬೇಕು: ರಕ್ತ ಹೋಗೋದು, ಜೋರು ತಲೆನೋವು, ಕಣ್ಣು ಮಂಜಾಗೋದು, ಮುಖ ಕೈ ಊದಿಕೊಳ್ಳೋದು, ಫಿಟ್ಸ್, ಜ್ವರ, ಮಗುವಿನ ಓಡಾಟ ಕಡಿಮೆ ಆಗೋದು, ಗರ್ಭದ ನೀರು ಹೋಗೋದು. ಬಿಪಿ 140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅದೂ ಹುಷಾರಾಗಬೇಕಾದ ವಿಷಯ. ಇವುಗಳಲ್ಲಿ ಯಾವುದೇ ಒಂದು ಕಂಡರೂ ಬೆಳಗಾಗಲಿ, ಅಮಾವಾಸ್ಯೆ ಕಳೀಲಿ ಅಂತ ಕಾಯೋ ಹಾಗಿಲ್ಲ.

ಇಲ್ಲೇ ಮೊದಲ ತಡ ಆಗೋದು. ಅತ್ತೆ ಮನೆಯವರು "ಅಳಿಯಂದಿರಿಗೆ ಒಂದು ಮಾತು ಕೇಳೋಣ" ಅಂತ ಕಾಯ್ತಾರೆ. ಅಳಿಯನ ಫೋನ್ ಸ್ವಿಚ್ ಆಫ್. ಅದಕ್ಕೆ ಇವತ್ತೇ ಮಾವನಿಗೋ ಭಾವಮೈದುನನಿಗೋ ಹೇಳಿಬಿಡಿ: "ನನ್ನ ಕೇಳೋಕೆ ಕಾಯಬೇಡಿ, ಮೊದಲು ಗಾಡಿ ಹತ್ತಿಸಿ, ಆಮೇಲೆ ಫೋನ್ ಮಾಡಿ. ಆಪರೇಷನ್ ಬೇಕು ಅಂದರೆ ಡಾಕ್ಟರ್ ಹೇಳಿದ ಹಾಗೆ ಮಾಡಿ, ಖರ್ಚಿನ ಮಾತು ನನಗೆ ಬಿಡಿ." ಇಷ್ಟು ಹೇಳೋಕೆ ಐದು ನಿಮಿಷ ಸಾಕು.

2. ಗಾಡಿ: 108 ಒಂದು, ಕೈಯಲ್ಲಿ ಇನ್ನೊಂದು

108ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಆಂಬ್ಯುಲೆನ್ಸ್ ಬರುತ್ತೆ. ನಮ್ಮ ರಾಜ್ಯದಲ್ಲಿ ಈ ಸೇವೆ 2008ರಿಂದ ಇದೆ. ಆದರೆ ನೀವು ಜಗಳೂರಲ್ಲಿ ಕೂತು ಮಾಡೋದಕ್ಕಿಂತ ಹೆಂಡತಿ ಇರೋ ಜಾಗದಿಂದಲೇ ಫೋನ್ ಮಾಡೋದು ಸರಿ. ಊರು, ಹತ್ತಿರದ ಗುರುತು, ಯಾವ ತಿಂಗಳು, ಏನು ತೊಂದರೆ ಅಂತ ಕೇಳ್ತಾರೆ. ಅದನ್ನೆಲ್ಲ ಪಕ್ಕದಲ್ಲಿ ಇರೋರೇ ಹೇಳೋಕೆ ಆಗೋದು.

ಆಂಬ್ಯುಲೆನ್ಸ್ ಇನ್ನೊಂದು ಕೇಸಿಗೆ ಹೋಗಿರಬಹುದು. ಅದಕ್ಕೆ ತವರಿನ ಊರಲ್ಲೇ ರಾತ್ರಿ ಕರೆದರೂ ಬರೋ ಇಬ್ಬರು ಗಾಡಿಯವರ ನಂಬರ್ ಇಟ್ಕೊಳ್ಳಿ. ಒಬ್ಬ ಸಾಲದು, ಮದುವೆ ಸೀಸನ್‌ನಲ್ಲಿ ಅವನು ಬಾಡಿಗೆಗೆ ಹೋಗಿರ್ತಾನೆ. ಹೆರಿಗೆ ಆಗಿ ಡಿಸ್ಚಾರ್ಜ್ ಆದಾಗ ತಾಯಿ ಮಗುವನ್ನ ಮನೆಗೆ ಬಿಡೋಕೆ ಸರ್ಕಾರದ 'ನಗು-ಮಗು' ವಾಹನ ಇದೆ, ಆಸ್ಪತ್ರೆಯಲ್ಲಿ ಕೇಳಿ.

3. ರಕ್ತ: ಹೆಂಡತಿಯದ್ದಷ್ಟೇ ಅಲ್ಲ, ನಿಮ್ಮದೂ ಟೆಸ್ಟ್ ಆಗಬೇಕು

ಬಸುರಿ ಹೆಂಗಸಿನ ಹಿಮೋಗ್ಲೋಬಿನ್ 11 ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿದ್ದರೆ ಗಂಭೀರ. ತಾಯಿ ಕಾರ್ಡ್ ತೆಗೆದು ನೋಡಿ, ಬರೆದಿರ್ತಾರೆ. ಕಡಿಮೆ ರಕ್ತ ಇರೋಳಿಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ತಡ್ಕೊಳ್ಳೋಕೆ ಆಗಲ್ಲ. ಕಬ್ಬಿಣದ ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತೆ ಅಂತ ಎಷ್ಟೋ ಹೆಣ್ಣುಮಕ್ಕಳು ಬಿಟ್ಟುಬಿಡ್ತಾರೆ. "ಊಟ ಆಯ್ತಾ" ಅಂತ ದಿನಾ ಕೇಳೋ ಗಂಡ "ಮಾತ್ರೆ ಆಯ್ತಾ" ಅಂತಲೂ ಕೇಳಬೇಕು. ಮಾತ್ರೆ ಜೊತೆ ಟೀ ಕಾಫಿ ಬೇಡ, ಕಬ್ಬಿಣಾಂಶ ಮೈಗೆ ಹತ್ತಲ್ಲ.

ಇನ್ನು ರಕ್ತದ ಗುಂಪು. ಹೆಂಡತಿಯದ್ದು ನೆಗೆಟಿವ್ ಇದ್ದು ಗಂಡನದ್ದು ಪಾಸಿಟಿವ್ ಇದ್ದರೆ ಮಗು ಪಾಸಿಟಿವ್ ಆಗೋ ಸಾಧ್ಯತೆ ಇದೆ. ಹಾಗಾದರೆ ಹೆರಿಗೆ ಆದ 72 ಗಂಟೆ ಒಳಗೆ ತಾಯಿಗೆ ಆ್ಯಂಟಿ-ಡಿ ಇಂಜೆಕ್ಷನ್ ಕೊಡಬೇಕು. ಕೊಡದೇ ಇದ್ದರೆ ಈ ಮಗುವಿಗಿಂತ ಮುಂದಿನ ಮಗುವಿಗೆ ಅಪಾಯ ಜಾಸ್ತಿ. ಗಂಡ ತನ್ನ ಮೈಮೇಲೆ ಮಾಡಿಸ್ಕೊಳ್ಳಬೇಕಾದ ಟೆಸ್ಟ್ ಇದು, ಬೆರಳು ಚುಚ್ಚಿದರೆ ಮುಗೀತು.

ದಾನಿಗಳ ವಿಷಯದಲ್ಲಿ ನಮ್ಮ ಹುಡುಗರು ಎಡವೋದು ಜಾಗದ ಲೆಕ್ಕದಲ್ಲಿ. ಜಗಳೂರಿನಿಂದ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರೆ ದಾವಣಗೆರೆಗೆ ಹೋಗ್ತೀವಿ. ಆದರೆ ಹೆಂಡತಿ ಕೂಡ್ಲಿಗಿಯಲ್ಲಿದ್ದರೆ ಅವಳನ್ನ ಕಳಿಸೋದು ಹೊಸಪೇಟೆಗೋ ಬಳ್ಳಾರಿಗೋ ಆಗಬಹುದು. ಚಳ್ಳಕೆರೆಯಲ್ಲಿದ್ದರೆ ಚಿತ್ರದುರ್ಗ. ನಿಮ್ಮ ದಾವಣಗೆರೆ ಗೆಳೆಯರು ಅಲ್ಲಿಗೆ ಬರೋ ಹೊತ್ತಿಗೆ ಸಮಯ ಮೀರಿರುತ್ತೆ. ಅದಕ್ಕೆ ತವರಿನ ಕಡೆಯೇ ಮೂರ್ನಾಲ್ಕು ಜನ ದಾನಿಗಳನ್ನ ಗೊತ್ತು ಮಾಡಿ. 18 ವರ್ಷ ತುಂಬಿರಬೇಕು, 45 ಕೆ.ಜಿ. ತೂಕ ಇರಬೇಕು, ಗಂಡಸರಾದರೆ ಹಿಂದಿನ ಸಲ ಕೊಟ್ಟು 90 ದಿನ ಆಗಿರಬೇಕು.

4. ಕಾಗದ ಮತ್ತು ಬ್ಯಾಂಕ್ ಖಾತೆ

ತಾಯಿ ಕಾರ್ಡ್ ಅನ್ನೋದು ಬರೀ ಇಂಜೆಕ್ಷನ್ ಬರೆಯೋ ಪುಸ್ತಕ ಅಲ್ಲ. ಬಿಪಿ, ರಕ್ತ, ಸ್ಕ್ಯಾನಿಂಗ್, ಹಿಂದಿನ ಕಾಯಿಲೆ ಎಲ್ಲಾ ಅದರಲ್ಲಿದೆ. ತವರಿನ ಆಸ್ಪತ್ರೆಯ ಡಾಕ್ಟರ್ ನಿಮ್ಮ ಹೆಂಡತಿಯನ್ನ ನೋಡ್ತಿರೋದು ಮೊದಲ ಸಲ, ಅವರಿಗೆ ಈ ಕಾರ್ಡೇ ದಾರಿ. ಪ್ರತಿ ಪುಟದ ಫೋಟೋ ನಿಮ್ಮ ಮೊಬೈಲಲ್ಲೂ ಇರಲಿ. ಇಲ್ಲಿನ ಆಶಾ ಕಾರ್ಯಕರ್ತೆಗೆ ಹೋಗೋ ಊರು ತಿಳಿಸಿ, ಅಲ್ಲಿನ ಆಶಾ ನಂಬರ್ ತಗೊಳ್ಳಿ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ವಿಶೇಷ ತಪಾಸಣೆ ಇರುತ್ತೆ. ತವರಿಗೆ ಹೋದ ಮೇಲೆ ಅಲ್ಲಿನ ಡಾಕ್ಟರಿಗೆ ಒಂದು ಸಲ ತೋರಿಸೋಕೆ ಒಳ್ಳೇ ದಿನ ಅದು.

ಇನ್ನು ಬರೋ ದುಡ್ಡು. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಒಟ್ಟು 5,000 ರೂಪಾಯಿ ಇದೆ. ಬಸುರಿ ಅಂತ ನೋಂದಣಿ ಆಗಿ ತಪಾಸಣೆ ಮಾಡಿಸಿದ್ದರೆ 3,000, ಹೆರಿಗೆ ಆಗಿ ಜನನ ನೋಂದಣಿ ಮತ್ತು ಮೂರೂವರೆ ತಿಂಗಳವರೆಗಿನ ಲಸಿಕೆ ಮುಗಿದ ಮೇಲೆ 2,000. ಎರಡನೇದು ಹೆಣ್ಣುಮಗು ಆದರೆ 6,000 ಬೇರೆ ಇದೆ. ಬಿಪಿಎಲ್ ಕಾರ್ಡ್ ಇರೋರು, ಪರಿಶಿಷ್ಟ ಜಾತಿ, ಪಂಗಡದವರು ಸೇರಿ ಹಲವರಿಗೆ ಇದು ಸಿಗುತ್ತೆ, ಸರ್ಕಾರಿ ನೌಕರರಿಗೆ ಇಲ್ಲ. ಅಂಗನವಾಡಿಯಲ್ಲಿ ವಿಚಾರಿಸಿ. ಜನನಿ ಸುರಕ್ಷಾ ಯೋಜನೆಯಲ್ಲಿ ಬಿಪಿಎಲ್, ಪರಿಶಿಷ್ಟ ಕುಟುಂಬದವರಿಗೆ ಆಸ್ಪತ್ರೆ ಹೆರಿಗೆಗೆ ಹಳ್ಳಿಯಲ್ಲಿ 700, ಪಟ್ಟಣದಲ್ಲಿ 600 ರೂಪಾಯಿ.

ಈ ದುಡ್ಡು ಸಿಕ್ಕಿಹಾಕ್ಕೊಳ್ಳೋದು ಖಾತೆಯಲ್ಲಿ. ಖಾತೆ ಹೆಂಡತಿಯ ಸ್ವಂತ ಹೆಸರಲ್ಲಿ ಇರಬೇಕು, ಆಧಾರ್ ಲಿಂಕ್ ಆಗಿರಬೇಕು. ಮದುವೆಗೆ ಮುಂಚೆ ಕಾಲೇಜಲ್ಲಿ ತೆಗೆಸಿದ ಖಾತೆ ನಿಂತುಹೋಗಿರುತ್ತೆ, ಆಧಾರಲ್ಲಿರೋ ಮೊಬೈಲ್ ನಂಬರ್ ಅವರಪ್ಪಂದು ಆಗಿರುತ್ತೆ. ಏಳನೇ ತಿಂಗಳಲ್ಲೇ ಸರಿ ಮಾಡಿಸಿ. ಹಸಿಬಾಣಂತಿಯನ್ನ ಬ್ಯಾಂಕ್ ಕ್ಯೂನಲ್ಲಿ ನಿಲ್ಲಿಸೋ ಪರಿಸ್ಥಿತಿ ಬರಬಾರದು.

5. ಅಂಗಡಿ ಮತ್ತು ಕೈಯಲ್ಲಿ ನಗದು

ರಾಜ್ಯ ಸರ್ಕಾರಿ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ. ಅಂಗಡಿ ಇಟ್ಟೋನಿಗೆ ರಜೆ ಕೊಡೋರು ಯಾರು? ತಾನೇ ಕೊಟ್ಕೋಬೇಕು. ಹೆರಿಗೆ ದಿನಾಂಕದ ಹಿಂದೆ ಮುಂದೆ ಎರಡು ವಾರ ಅಂಗಡಿಯಲ್ಲಿ ಯಾರು ಕೂರ್ತಾರೆ ಅಂತ ಈಗಲೇ ಗೊತ್ತು ಮಾಡಿ. ತಮ್ಮನೋ ಪಕ್ಕದ ಅಂಗಡಿಯವನೋ ಇರಲಿ, ರೇಟು, ಉದ್ರಿ ಪುಸ್ತಕ, ಮಾಲು ಹಾಕೋರ ನಂಬರ್ ತೋರಿಸಿಡಿ. ಸಂತೆ ದಿನ ವ್ಯಾಪಾರ ಬಿಡೋಕೆ ಮನಸ್ಸು ಬರಲ್ಲ, ನಿಜ. ಆದರೆ ಮಗುವಿನ ಮೊದಲ ವಾರ ಮತ್ತೆ ಬರಲ್ಲ, ಸಂತೆ ಮುಂದಿನ ವಾರವೂ ಇರುತ್ತೆ.

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಟೆಸ್ಟ್, ರಕ್ತ, ತಾಯಿಗೆ ಊಟ ಎಲ್ಲಾ ಉಚಿತ. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಇದು ಹಕ್ಕು. ಹುಷಾರಿಲ್ಲದ ಹಸುಗೂಸಿನ ಚಿಕಿತ್ಸೆಯೂ ಉಚಿತ. ಆದರೂ ಜೊತೆಗೆ ಬಂದೋರ ಊಟ, ಓಡಾಟ, ರಾತ್ರಿ ಗಾಡಿ ಬಾಡಿಗೆ ಅಂತ ಖರ್ಚು ಬಂದೇ ಬರುತ್ತೆ. ಉದ್ರಿ ವಸೂಲಿ ಮಾಡೋದಿದ್ದರೆ ಒಂಬತ್ತನೇ ತಿಂಗಳಿಗೆ ಮುಂಚೆ ಮಾಡ್ಕೊಳ್ಳಿ. ಸ್ವಲ್ಪ ದುಡ್ಡು ಹೆಂಡತಿಯ ಕೈಯಲ್ಲೇ ನಗದಾಗಿ ಇರಲಿ. ನಡುರಾತ್ರಿ ನೆಟ್‌ವರ್ಕ್ ಇಲ್ಲದ ಹಳ್ಳಿಯಲ್ಲಿ ಫೋನ್‌ಪೇ ನಂಬ್ಕೊಂಡು ಕೂರೋಕೆ ಆಗಲ್ಲ. ಖಾಸಗಿ ಆಸ್ಪತ್ರೆ ಅಂತ ತೀರ್ಮಾನ ಮಾಡಿದ್ದರೆ ನಾರ್ಮಲ್‌ಗೆ ಎಷ್ಟು, ಸಿಸೇರಿಯನ್‌ಗೆ ಎಷ್ಟು, ಮಗುವನ್ನ ಗ್ಲಾಸಿನ ಪೆಟ್ಟಿಗೆಯಲ್ಲಿ ಇಡಬೇಕಾದರೆ ದಿನಕ್ಕೆ ಎಷ್ಟು ಅಂತ ಮೊದಲೇ ಕೇಳಿ ಬರೆದಿಟ್ಕೊಳ್ಳಿ.

ತೊಟ್ಟಿಲು, ಬಟ್ಟೆ ಮೊದಲೇ ತರಬಾರದು ಅಂತ ಹಿರಿಯರು ಹೇಳ್ತಾರೆ. ತರಬೇಡಿ, ಅದರಿಂದ ನಷ್ಟ ಏನಿಲ್ಲ. ಮಗುವಿಗೆ ಮೊದಲ ದಿನಗಳಿಗೆ ಬೇಕಾಗೋದು ಒಗೆದು ಬಿಸಿಲಿಗೆ ಒಣಗಿಸಿದ ಮೆತ್ತನೆ ಹಳೇ ಹತ್ತಿ ಬಟ್ಟೆ, ಅದು ಎಲ್ಲಾ ಮನೆಯಲ್ಲೂ ಇದೆ. ಕಾಗದ, ಗಾಡಿ, ರಕ್ತ ಮೊದಲೇ ಹೊಂದಿಸಬಾರದು ಅಂತ ಯಾವ ಹಿರಿಯರೂ ಹೇಳಿಲ್ಲ.

6. ಬಾಣಂತಿ ಕೋಣೆಯಲ್ಲಿ ನಿಮ್ಮ ಮಾತು

ಇದು ಕಷ್ಟದ ಕೆಲಸ. ಅತ್ತೆ ಮನೆಯಲ್ಲಿ ಅಳಿಯ ಬಾಯಿ ಬಿಡೋದು ಹೇಗೆ? ಆದರೆ ನಾಲ್ಕು ವಿಷಯಕ್ಕೆ ಗೌರವದಿಂದಲೇ ಮಾತಾಡಬೇಕು, ಅದೂ ಹೆರಿಗೆಗೆ ಮುಂಚೆ.

ಒಂದು, ಹುಟ್ಟಿದ ಒಂದು ಗಂಟೆ ಒಳಗೆ ತಾಯಿ ಹಾಲು ಕುಡಿಸಬೇಕು. ಮೊದಲು ಬರೋ ಹಳದಿ ಹಾಲನ್ನ ಹಿಂಡಿ ಚೆಲ್ಲಬಾರದು, ಅದೇ ಮಗುವಿಗೆ ಮೊದಲ ರಕ್ಷಣೆ. ಜೇನುತುಪ್ಪ, ಸಕ್ಕರೆ ನೀರು, ಹರಳೆಣ್ಣೆ ನೆಕ್ಕಿಸೋದು ಬೇಡ. ಜೇನು ಒಂದು ವರ್ಷದವರೆಗೂ ಬೇಡ. ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ.

ಎರಡು, ಬಾಗಿಲು ಕಿಟಕಿ ಮುಚ್ಚಿ ಒಳಗೆ ಕೆಂಡ ಇಡೋದು. ಇದ್ದಿಲಿನ ಹೊಗೆಯಲ್ಲಿ ವಾಸನೆ ಇಲ್ಲದ ವಿಷದ ಗಾಳಿ ಇರುತ್ತೆ, ಮಲಗಿದ ಜಾಗದಲ್ಲೇ ಜೀವ ಹೋಗಬಹುದು. ಮಗು ಬೆಚ್ಚಗಿರಬೇಕು ಅಂದರೆ ಬಟ್ಟೆ ಸುತ್ತಿ, ಎದೆಗೆ ಅವಚಿಕೊಳ್ಳಿ. ತೂಕ ಕಡಿಮೆ ಇರೋ ಮಗುವನ್ನ ಬರೀ ಎದೆಯ ಮೇಲೆ ಮಲಗಿಸ್ಕೊಂಡು ಬೆಚ್ಚಗಿಡೋದನ್ನ ಕಾಂಗರೂ ಆರೈಕೆ ಅಂತಾರೆ. ತಾಯಿಯೇ ಆಗಬೇಕು ಅಂತಿಲ್ಲ, ಅಪ್ಪನೂ ಮಾಡಬಹುದು.

ಮೂರು, ಬಾಣಂತಿಗೆ ನೀರು ಕಡಿಮೆ ಕೊಡೋದು, ಬರೀ ಅನ್ನ ಮೆಣಸಿನ ಸಾರಲ್ಲಿ ದಿನ ತಳ್ಳೋದು. ಹಾಲು ಬರಬೇಕು ಅಂದರೆ ನೀರು ಬೇಕು, ಸೊಪ್ಪು, ಬೇಳೆ, ತಿನ್ನೋರಾದರೆ ಮೊಟ್ಟೆ ಬೇಕು.

ನಾಲ್ಕು, ಬೀಡಿ ಸಿಗರೇಟು. ಇದು ಬೇರೆಯವರಿಗಲ್ಲ, ನಿಮಗೇ. ಮಗು ಇರೋ ಮನೆಯಲ್ಲಿ ಹೊಗೆ ಬೇಡ, ಹೊರಗಿಂದ ಬಂದು ಕೈ ತೊಳೀದೆ ಎತ್ಕೊಳ್ಳೋದೂ ಬೇಡ.

ಆಶಾ ಕಾರ್ಯಕರ್ತೆ ಮನೆಗೆ 3, 7, 14, 21, 28 ಮತ್ತು 42ನೇ ದಿನ ಬಂದು ನೋಡ್ತಾರೆ. ಮಗು ಹಾಲು ಕುಡೀತಿಲ್ಲ, ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡ್ತಿದೆ, ಮೈ ತಣ್ಣಗಿದೆ ಅಥವಾ ಸುಡ್ತಿದೆ, ಅಂಗೈ ಅಂಗಾಲು ಹಳದಿ ಆಗಿದೆ, ಹೊಕ್ಕುಳಲ್ಲಿ ಕೀವು ಇದೆ ಅಂದರೆ ಅವರು ಬರೋ ದಿನಕ್ಕೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.

ತಾಯಿಯ ಮನಸ್ಸನ್ನೂ ನೋಡಿ. ಹೆರಿಗೆ ಆದ ಮೊದಲ ದಿನಗಳಲ್ಲಿ ಸುಮ್ಮಸುಮ್ಮನೆ ಅಳು ಬರೋದು ಸಹಜ. ಎರಡು ವಾರ ದಾಟಿದರೂ ಅಳು, ನಿದ್ದೆ ಇಲ್ಲ, ಮಗು ಮೇಲೆ ಮನಸ್ಸೇ ಇಲ್ಲ ಅಂದರೆ ಅದು ಕಾಯಿಲೆ, ಗಾಳಿ ಸೋಕಿದ್ದಲ್ಲ. ಡಾಕ್ಟರಿಗೆ ತೋರಿಸಿ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ವಾರಕ್ಕೊಮ್ಮೆ ಹೋಗೋ ಗಂಡ ಮಗು ಫೋಟೋ ತೆಗೆದು ಸ್ಟೇಟಸ್ ಹಾಕಿ ಬರೋದಷ್ಟೇ ಅಲ್ಲ, ಹೆಂಡತಿ ಪಕ್ಕ ಒಂದು ಗಂಟೆ ಕೂರಬೇಕು.

7. ಜನನ ಪ್ರಮಾಣಪತ್ರ: ಹುಟ್ಟಿದ ಊರಲ್ಲೇ, 21 ದಿನದಲ್ಲಿ

ತುಂಬಾ ಜನಕ್ಕೆ ಗೊತ್ತಿಲ್ಲದ ವಿಷಯ ಇದು. ಜನನ ನೋಂದಣಿ ಆಗೋದು ಅಪ್ಪನ ಊರಲ್ಲಿ ಅಲ್ಲ, ಮಗು ಹುಟ್ಟಿದ ಜಾಗದಲ್ಲಿ. ಕೂಡ್ಲಿಗಿಯಲ್ಲಿ ಹುಟ್ಟಿದ ಮಗುವಿನ ದಾಖಲೆ ಕೂಡ್ಲಿಗಿಯಲ್ಲೇ. ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟಿದರೆ ಅಲ್ಲೇ ನೋಂದಣಿ ಆಗುತ್ತೆ. 21 ದಿನದೊಳಗೆ ಶುಲ್ಕ ಇಲ್ಲ. ಆಮೇಲೆ ತಡ ಆದಷ್ಟೂ ಶುಲ್ಕ, ಅನುಮತಿ ಅಂತ ಓಡಾಟ, ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶವೇ ಬೇಕು.

2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಈ ಪ್ರಮಾಣಪತ್ರದ ಬೆಲೆ ಹೆಚ್ಚಾಗಿದೆ. ಶಾಲೆ ಸೇರಿಸೋದರಿಂದ ಹಿಡಿದು ಡ್ರೈವಿಂಗ್ ಲೈಸೆನ್ಸ್‌ವರೆಗೆ ಹುಟ್ಟಿದ ದಿನಕ್ಕೆ ಇದೇ ದಾಖಲೆ ಅಂತ ಕಾನೂನು ತಿದ್ದುಪಡಿ ಆಗಿದೆ. ಅದಕ್ಕೆ ಆಸ್ಪತ್ರೆಯಲ್ಲಿ ಫಾರಂ ತುಂಬುವಾಗ ಅಪ್ಪನೇ ಮುಂದೆ ನಿಲ್ಲಬೇಕು. ತಂದೆ ತಾಯಿ ಹೆಸರು ಆಧಾರಲ್ಲಿ ಇದ್ದ ಹಾಗೇ, ಇನಿಷಿಯಲ್ ಸಮೇತ ಬರೆದಿದ್ದಾರಾ ನೋಡಿ. ಅವಸರದಲ್ಲಿ ಯಾರೋ ಸಂಬಂಧಿಕರು "ಮಂಜಣ್ಣ" ಅಂತ ಬರೆಸಿ, ಆಧಾರಲ್ಲಿ "ಮಂಜುನಾಥ" ಅಂತ ಇದ್ದರೆ ತಿದ್ದಿಸೋಕೆ ಎಷ್ಟು ಸಲ ಆ ತಾಲ್ಲೂಕಿಗೆ ಬಸ್ ಹತ್ತಬೇಕೋ ಲೆಕ್ಕ ಹಾಕಿ.

ಮಗುವಿಗೆ ಹೆಸರು ಇನ್ನೂ ಗೊತ್ತಾಗಿಲ್ಲ, ತೊಟ್ಟಿಲಿಗೆ ಹಾಕೋ ದಿನ ಇಡ್ತೀವಿ ಅಂದರೂ ನೋಂದಣಿ ನಿಲ್ಲಿಸಬೇಡಿ. ಹೆಸರಿಲ್ಲದೆಯೂ ನೋಂದಣಿ ಆಗುತ್ತೆ, ಒಂದು ವರ್ಷದೊಳಗೆ ಹೆಸರು ಸೇರಿಸೋಕೆ ಶುಲ್ಕ ಇಲ್ಲ.

ಹುಟ್ಟಿದ ಕೂಡಲೇ ಬಿಸಿಜಿ, ಪೋಲಿಯೊ ಹನಿ ಮತ್ತು 24 ಗಂಟೆಯೊಳಗೆ ಹೆಪಟೈಟಿಸ್-ಬಿ ಲಸಿಕೆ ಆಗಿದೆಯಾ ಅಂತ ಡಿಸ್ಚಾರ್ಜ್‌ಗೆ ಮುಂಚೆ ಕೇಳಿ. ಮುಂದಿನವು 6, 10, 14 ವಾರಕ್ಕೆ. ಅಷ್ಟರಲ್ಲಿ ಹೆಂಡತಿ ಮಗು ಅಲ್ಲೇ ಇರ್ತಾರಾ, ಇಲ್ಲಿಗೆ ಬಂದಿರ್ತಾರಾ ಅನ್ನೋ ಗೊಂದಲದಲ್ಲಿ ಒಂದು ಡೋಸ್ ತಪ್ಪಿಹೋಗೋದು ಮಾಮೂಲು. ಕಾರ್ಡ್ ಕೈಯಲ್ಲಿದ್ದರೆ ಯಾವ ಊರಲ್ಲಾದರೂ ಹಾಕಿಸಬಹುದು.

ಜೇಬಲ್ಲಿ ಇರಬೇಕಾದ ಚೀಟಿ

ಇವತ್ತು ಅಂಗಡಿ ಬಾಗಿಲು ಹಾಕೋ ಮುಂಚೆ ಒಂದು ಚೀಟಿ ತಗೊಂಡು ಇಷ್ಟು ಬರೀರಿ: ಹೆರಿಗೆ ದಿನಾಂಕ. ಇಬ್ಬರ ರಕ್ತದ ಗುಂಪು. ತಾಯಿ ಕಾರ್ಡ್ ನಂಬರ್. ಎರಡೂ ಊರಿನ ಆಶಾ ನಂಬರ್. ತವರಿನ ಇಬ್ಬರು ಗಾಡಿಯವರು. ಅಲ್ಲಿನ ಮೂರು ರಕ್ತದಾನಿಗಳು. ಹೆರಿಗೆ ಆಸ್ಪತ್ರೆ, ಅಲ್ಲಿಂದ ಕಳಿಸೋ ದೊಡ್ಡ ಆಸ್ಪತ್ರೆ. ಅಂಗಡಿಯಲ್ಲಿ ಕೂರೋನ ಹೆಸರು.

ಎರಡು ಪ್ರತಿ ಮಾಡಿ. ಒಂದು ನಿಮ್ಮ ಜೇಬಿಗೆ, ಇನ್ನೊಂದು ಅತ್ತೆ ಮನೆಯ ಗೋಡೆಗೆ. ಬರೆಯುವಾಗ ಯಾವ ಸಾಲು ಖಾಲಿ ಉಳೀತೋ ನಾಳೆ ಬೆಳಗ್ಗೆ ಮೊದಲ ಫೋನ್ ಅದಕ್ಕೇ ಮಾಡಿ.